ಪೆಡಲ್ ತುಳಿಯಲು ಒಬ್ಬರು ಬೇಕು

ಆ ಕಾರನ್ನು ಅವನು ಸಿಟ್ಟಿನಲ್ಲಿ ಕೊಂಡ. ಜನ ಕಾರು ಕೊಳ್ಳುವುದು ಆಸೆಗೆ, ಅನುಕೂಲಕ್ಕೆ, ಇಲ್ಲವೇ ನೆಂಟರ ಹೊಟ್ಟೆ ಉರಿಸುವುದಕ್ಕೆ. ಇವನು ಒಂದೇ ಒಂದು ಮಾತಿಗೆ ಭುಗಿಲೆದ್ದು, ಹಿಂದೆ ಮುಂದೆ ನೋಡದೆ, ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುವಷ್ಟರಲ್ಲಿ ಕೊಂಡುಬಿಟ್ಟಿದ್ದ.

ಲಿಫ್ಟ್ ರಿಪೇರಿ ಅವನ ಕಸುಬು. ಐದನೇ ತರಗತಿಗೆ ಶಾಲೆ ಬಿಟ್ಟವನು. ಮೂವತ್ತು ವರ್ಷದಿಂದ ಬೇರೆಯವರ ಕಟ್ಟಡಗಳಲ್ಲಿ ಮೇಲೆ ಕೆಳಗೆ ಓಡಾಡಿಯೇ ಕೂದಲು ನರೆತಿತ್ತು. ಮೂಗಿನ ತುದಿಯಲ್ಲೇ ಕೋಪ. ಕಂಪನಿಯಲ್ಲಿ ಎಲ್ಲರೂ ಅವನನ್ನು ಪಟಾಕಿ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ ಮಾತ್ರ. ಎದುರಿಗೆ ಕರೆಯುವ ಧೈರ್ಯ ಇದ್ದದ್ದು ಒಬ್ಬನಿಗೇ. ಅವನ ವಿಷಯ ಆಮೇಲೆ.

ಹನ್ನೊಂದು ಮಹಡಿಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಆ ಕಾರು ನಾಲ್ಕು ವರ್ಷದಿಂದ ನಿಂತಿತ್ತು. ಕಪ್ಪು ಬಣ್ಣ, ಉದ್ದನೆಯ ಮೈ, ಒಳಗೆ ಚರ್ಮದ ಸೀಟು, ಮುಂದಿನ ಹಲಗೆಗೆ ನಿಜವಾದ ಮರದ ಪಟ್ಟಿ. ಓಡಿಸುತ್ತಿದ್ದ ಯಜಮಾನರು ತೀರಿಕೊಂಡಿದ್ದರು. ಅವರ ಅಳಿಯ ಒಂದು ದಿನ ಗುಜರಿಯವನನ್ನು ಕರೆತಂದು ತೋರಿಸುತ್ತಿದ್ದ. ಪಟಾಕಿ ಅಲ್ಲೇ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದವನು ಸುಮ್ಮನಿರಲಾರದೆ ಬಾಯಿ ಹಾಕಿದ.

"ಇಷ್ಟು ಒಳ್ಳೆ ಗಾಡೀನ ಗುಜರಿಗೆ ಹಾಕ್ತೀರಾ ಸಾರ್?"

ಅಳಿಯ ತಿರುಗಿ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದ. "ಯಾಕಪ್ಪಾ, ನೀನು ತಗೋತೀಯಾ? ಇದರಲ್ಲಿ ಕೂತ್ಕೊಳ್ಳೋಕೂ ಪುಣ್ಯ ಮಾಡಿರ್ಬೇಕು."

"ಪುಣ್ಯ ನೀವೇ ಇಟ್ಕೊಳ್ಳಿ," ಎಂದ ಪಟಾಕಿ. "ಕೀ ಕೊಡಿ."

ಅಷ್ಟೇ ವ್ಯಾಪಾರ. ಗುಜರಿಯವನು ಹೇಳಿದ್ದಕ್ಕಿಂತ ಚೂರು ಹೆಚ್ಚು ಕೊಟ್ಟ, ಅಳಿಯನೂ ಪೀಡೆ ತೊಲಗಿತು ಎಂದು ಕೊಟ್ಟುಬಿಟ್ಟ. ಮಾರನೆಯ ದಿನ ಲಾರಿಯ ಬೆನ್ನ ಮೇಲೆ ಕೂತು ಕಾರು ಅವನ ಮನೆಗೆ ಬಂತು. ಏರುರಸ್ತೆಯ ತುತ್ತತುದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮುಂದೆ ತಗಡು ಹೊದಿಸಿದ ಅಂಗಳ. ಕಾರು ನಿಂತ ಮೇಲೆ ಅಂಗಳದಲ್ಲಿ ಜಾಗವೇ ಉಳಿಯಲಿಲ್ಲ. ಬಾಗಿಲು ತೆರೆದು ಹೊರಬರಬೇಕಾದರೆ ಹೊಟ್ಟೆ ಒಳಗೆ ಎಳೆದುಕೊಂಡು ಪಕ್ಕಕ್ಕೆ ಸರಿಯಬೇಕು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಯಾಕೆಂದರೆ ಆ ಮನೆಗೆ ಬರುವವರೂ ಇರಲಿಲ್ಲ, ಹೋಗುವವರೂ ಇರಲಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಭಾನುವಾರ ತಂಗಿ ಫೋನ್ ಮಾಡುತ್ತಿದ್ದಳು. "ಊಟ ಆಯ್ತಾ? ಮಾತ್ರೆ ತಗೊಂಡ್ಯಾ? ಯಾರ ಜೊತೆ ಜಗಳ ಆಡ್ದೆ ಈ ವಾರ?" ಈ ಮೂರು ಪ್ರಶ್ನೆ ಮುಗಿದರೆ ಫೋನೂ ಮುಗಿಯಿತು.

ರಿಪೇರಿ ಶುರುವಾಯಿತು. ನಾಲ್ಕು ವರ್ಷ ಒಬ್ಬರೂ ಮುಟ್ಟದ ಗಾಡಿಯಲ್ಲಿ ಏನೇನು ಕೆಟ್ಟಿರುತ್ತದೆ ಎಂದು ಕೇಳಬಾರದು, ಏನು ಕೆಟ್ಟಿಲ್ಲ ಎಂದು ಕೇಳಬೇಕು. ಬ್ಯಾಟರಿ ಸತ್ತಿತ್ತು. ಟೈರುಗಳು ಅಂಗಾಲಿನಂತೆ ಬಿರುಕು ಬಿಟ್ಟಿದ್ದವು. ಪೆಟ್ರೋಲು ಟ್ಯಾಂಕಿನಲ್ಲೇ ಹಳಸಿ, ಬಣ್ಣದ ಡಬ್ಬಿಯ ವಾಸನೆ ಹೊಡೆಯುತ್ತಿತ್ತು. ಇಲಿಗಳು ಬಾನೆಟ್ಟಿನೊಳಗೆ ಸಂಸಾರ ಹೂಡಿ, ವೈರುಗಳನ್ನು ಹಲ್ಲು ತಿಕ್ಕುವುದಕ್ಕೆ ಬಳಸಿದ್ದವು. ಇಂಥ ಗಾಡಿಗಳಿಗೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲ ಇರುತ್ತದೆ. ಆ ಚೀಲಗಳು ಹರಿದು, ಕಾರು ಕುಕ್ಕರಗಾಲಲ್ಲಿ ಕೂತ ಹಾಗೆ ನೆಲಕ್ಕೆ ಕೂತಿತ್ತು.

ಮೊದಲು ಒಬ್ಬ ಗ್ಯಾರೇಜಿನವನು ಬಂದು ನೋಡಿದ. "ಇದಕ್ಕೆ ಕೈ ಹಾಕೋದು ಅಂದ್ರೆ ಮಗ್ಗಲಲ್ಲಿ ಮುಳ್ಳಿಟ್ಕೊಂಡು ಮಲಗಿದ ಹಾಗೆ," ಎಂದು ನಕ್ಕ. ಪಟಾಕಿ ಅವನನ್ನು ಗೇಟಿನ ಆಚೆಗೆ ಕಳಿಸಿದ. ಎರಡನೆಯವನು ನಗಲಿಲ್ಲ, ಆದರೆ ಕೇಳದೆಯೇ ಕಾರಿನ ಬಾಗಿಲು ತೆಗೆದು ಒಳಗೆ ಕಾಲಿಟ್ಟ. ಅವನನ್ನೂ ಕಳಿಸಿದ. ಆಮೇಲೆ, "ನಾನೇ ಮಾಡ್ಕೋತೀನಿ, ಯಾವನೂ ಬೇಡ" ಎಂದು ಖಾಲಿ ಅಂಗಳಕ್ಕೆ ಹೇಳಿದ.

ಮಾಡಿಯೂ ಮಾಡಿದ, ಅದನ್ನು ಒಪ್ಪಬೇಕು. ಕೆಲಸದಿಂದ ಬಂದವನು ಬೆಳಕು ಇರುವಷ್ಟು ಹೊತ್ತು, ರಜೆಯ ದಿನ ಪೂರ್ತಿ, ಐದು ತಿಂಗಳು. ವೈರು, ರಿಲೇ, ಸಣ್ಣ ಮೋಟಾರುಗಳೆಲ್ಲ ಅವನ ಕೈಗೆ ಪಳಗಿದ ಜಾತಿ. ಬೆಳಿಗ್ಗೆ ಆರಕ್ಕೆ ಗುಂಡಿ ಒತ್ತಿದೊಡನೆ ಕಾರಿನ ಕಿಟಕಿಯೊಂದು ತಾನಾಗಿ ಮೇಲೇರಿದ ದಿನ ಅವನು ಚಪ್ಪಾಳೆ ತಟ್ಟಿಬಿಟ್ಟ. ತಟ್ಟಿದ ಮೇಲೆ ಸುತ್ತ ನೋಡಿದ. ತೋರಿಸಲು ಯಾರೂ ಇರಲಿಲ್ಲ. ಕಿಟಕಿಯನ್ನು ಮತ್ತೊಮ್ಮೆ ಇಳಿಸಿ, ಏರಿಸಿ, ಒಳಗೆ ಹೋಗಿ ಚಹಾಕ್ಕೆ ಇಟ್ಟ.

ಗಾಳಿಚೀಲ ಹೊಸದು ಬಂತು, ಕಾರು ಎದ್ದು ನಿಂತಿತು. ಟೈರು ಬಂತು. ಇಂಜಿನ್ ಕೆಮ್ಮಿ ಕೆಮ್ಮಿ ಕೊನೆಗೆ ಗುರ್ ಎಂದಿತು. ಉಳಿದದ್ದು ಬ್ರೇಕು. ತುಕ್ಕು ತಿಂದ ಪೈಪುಗಳನ್ನೆಲ್ಲ ಬಿಚ್ಚಿ ಹೊಸದು ಹಾಕಿದ, ಹೊಸ ಎಣ್ಣೆ ತುಂಬಿದ, ಒಳಗೆ ಕೂತು ಪೆಡಲ್ ತುಳಿದ. ಕಾಲು ಹತ್ತಿಯ ಮೂಟೆಯೊಳಗೆ ಹೋದ ಹಾಗೆ ನೆಲದವರೆಗೂ ಹೋಯಿತು.

ಪೈಪಿನಲ್ಲಿ ಗಾಳಿ ಸೇರಿತ್ತು. ಅದು ಅವನಿಗೆ ಗೊತ್ತಿತ್ತು. ಗಾಳಿಯನ್ನು ತೆಗೆಯುವುದು ಹೇಗೆ ಎಂಬುದೂ ಗೊತ್ತಿತ್ತು. ಒಬ್ಬರು ಒಳಗೆ ಕೂತು ಪೆಡಲನ್ನು ನಾಲ್ಕು ಸಲ ತುಳಿದು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ, ಅಲ್ಲಿರುವ ಪುಟ್ಟ ಸ್ಕ್ರೂ ಸಡಿಲಿಸಬೇಕು. ಗುಳ್ಳೆ ಗುಳ್ಳೆಯಾಗಿ ಎಣ್ಣೆ ಹೊರಬರುತ್ತದೆ. ಸ್ಕ್ರೂ ಬಿಗಿಯುವ ತನಕ ಒಳಗಿನವರು ಕಾಲು ಎತ್ತಬಾರದು, ಎತ್ತಿದರೆ ಹೊರಗಿನ ಗಾಳಿ ಮತ್ತೆ ಒಳಗೆ. ಹೀಗೆ ನಾಲ್ಕೂ ಚಕ್ರಕ್ಕೆ. ಕಷ್ಟದ ಕೆಲಸವಲ್ಲ. ಇಬ್ಬರು ಬೇಕು, ಅಷ್ಟೇ.

ಆ ಇನ್ನೊಬ್ಬರು ಎಲ್ಲಿ?

ಮುಂದಿನ ಸೋಮವಾರ ಕಾರಿನ ತಪಾಸಣೆಗೆ ದಿನ ಕೊಟ್ಟಿದ್ದರು. ಎರಡು ಸಲ ಮುಂದೂಡಿ ಸಿಕ್ಕ ಕೊನೆಯ ದಿನ. ಅಂದು ಪಾಸಾಗದಿದ್ದರೆ ನೋಂದಣಿ ರದ್ದು. ಆಮೇಲೆ ಅದು ಕಾರಲ್ಲ, ಅಂಗಳ ತುಂಬ ನಿಂತ ಕಬ್ಬಿಣ. ಇಳಿಜಾರು ರಸ್ತೆಯಲ್ಲಿ ಬ್ರೇಕಿಲ್ಲದ ಗಾಡಿಯನ್ನು ಗೇಟು ದಾಟಿಸುವುದೂ ಆಗದ ಮಾತು.

ಪೆಡಲಿಗೂ ಸೀಟಿಗೂ ನಡುವೆ ಮರದ ತುಂಡು ಸಿಕ್ಕಿಸಿ ನೋಡಿದ. ಸ್ಕ್ರೂ ಸಡಿಲಿಸಿದೊಡನೆ ಪೆಡಲ್ ಇಳಿಯಿತು, ತುಂಡು ಬಿತ್ತು, ಗಾಳಿ ಮತ್ತೆ ಒಳಗೆ ಹೋಯಿತು. ಪ್ಲಾಸ್ಟಿಕ್ ನಳಿಕೆಗೆ ಬಾಟಲಿ ಕಟ್ಟಿ ಒಬ್ಬನೇ ಮಾಡುವ ಉಪಾಯವನ್ನೂ ಮಾಡಿದ. ಚಕ್ರದಿಂದ ಸೀಟಿಗೆ, ಸೀಟಿನಿಂದ ಚಕ್ರಕ್ಕೆ ಓಡಿ ಓಡಿ ಮಂಡಿ ಕಿತ್ತುಬಂತು. ಗುಳ್ಳೆ ನಿಲ್ಲಲಿಲ್ಲ. ಒಂದು ಸಲ ಚಕ್ರದ ಕೆಳಗೆ ಮಲಗಿದ್ದವನು ಮೈಮರೆತು, "ತುಳಿ!" ಎಂದು ಕೂಗಿಬಿಟ್ಟ. ತಗಡಿನ ಮಾಡಿಗೆ ಬಡಿದು ದನಿ ವಾಪಸು ಬಂತು. ಕಾರಿನೊಳಗೆ ಖಾಲಿ ಸೀಟು.

ಶುಕ್ರವಾರ ಬೆಳಿಗ್ಗೆ ನಾಚಿಕೆ ಬಿಟ್ಟು ಮೇಲಿನ ಮನೆಯ ಲೆಕ್ಕಿಗನನ್ನು ಕರೆದ. ಸಭ್ಯ ಮನುಷ್ಯ, ಇಸ್ತ್ರಿ ಅಂಗಿ ಹಾಕಿಕೊಂಡೇ ಬಂದು ಸೀಟಿನಲ್ಲಿ ಕೂತ. ಮೊದಲನೆಯ ಚಕ್ರ ಅರ್ಧ ಆಗಿತ್ತು. ಅಷ್ಟರಲ್ಲಿ ಲೆಕ್ಕಿಗನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅವನು ಫೋನ್ ತೆಗೆಯಲು ಮೈ ಎತ್ತಿದ, ಮೈ ಜೊತೆ ಕಾಲೂ ಎದ್ದಿತು.

"ಎತ್ತಬೇಡ ಅಂದೆ ತಾನೆ! ಕಾಲು ಇದೆಯೋ ಕೊರಡು ಇದೆಯೋ ನಿಂಗೆ? ಅರ್ಧ ಗಂಟೆ ಮಾಡಿದ್ದು ಹಾಳಾಯ್ತಲ್ಲೋ ಬೆಪ್ಪುತಕ್ಕಡಿ!"

ಲೆಕ್ಕಿಗ ನಿಧಾನವಾಗಿ ಇಳಿದು, ಪ್ಯಾಂಟಿನ ಮಡಿಕೆ ಸರಿ ಮಾಡಿಕೊಂಡ. "ನೋಡಿ, ಇದು ನಿಮ್ಮ ಕಾರು. ನೀವೇ ತುಳ್ಕೊಳ್ಳಿ," ಎಂದು ಮೆಟ್ಟಿಲೇರಿ ಹೋದ. ಮೇಲೆ ಬಾಗಿಲು ಹಾಕಿಕೊಂಡ ಸದ್ದು ಜೋರಾಗಿರಲಿಲ್ಲ. ಜೋರಾಗಿದ್ದರೆ ಪಟಾಕಿಗೆ ಸಮಾಧಾನವಾಗುತ್ತಿತ್ತು.

ಬೇರೆ ಯಾರಿದ್ದಾರೆ ಎಂದು ಯೋಚಿಸುತ್ತಾ ಹೋದರೆ ಎಲ್ಲ ದಾರಿಯೂ ಒಬ್ಬನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಅದೇ ಅವನಿಗೆ ಬೇಡವಾಗಿತ್ತು.

ಎದುರಿಗೇ ಪಟಾಕಿ ಎಂದು ಕರೆಯುತ್ತಿದ್ದವನು ಅವನೇ. ಕಂಪನಿಯವರು ಅವನಿಗೆ ನಿಧಾನಣ್ಣ ಎನ್ನುತ್ತಿದ್ದರು. ದಪ್ಪ ಮೈ, ಅಳೆದು ಇಡುವ ಹೆಜ್ಜೆ, ಬಾಯಿಂದ ಒಂದು ಮಾತು ಬರಬೇಕಾದರೆ ಒಂದು ಚಹಾ ಕುಡಿದು ಮುಗಿಸಬಹುದು. ಇಪ್ಪತ್ತಾರು ವರ್ಷ ಅವರಿಬ್ಬರದು ಒಂದೇ ಜೋಡಿ. ಹಳೆಯ ಲಿಫ್ಟುಗಳ ಕೆಲಸ ಒಬ್ಬನಿಂದ ಆಗುವುದಿಲ್ಲ. ಒಬ್ಬ ಲಿಫ್ಟಿನ ತಲೆಯ ಮೇಲೆ ನಿಂತಿರುತ್ತಾನೆ, ಇನ್ನೊಬ್ಬ ಕಟ್ಟಡದ ನೆತ್ತಿಯಲ್ಲಿರುವ ಮೋಟಾರ್ ರೂಮಿನಲ್ಲಿ ಕೂತು ಲಿಫ್ಟನ್ನು ಇಷ್ಟಿಷ್ಟೇ ಏರಿಸುತ್ತಾ ಇಳಿಸುತ್ತಾ ಇರುತ್ತಾನೆ. ಕೆಳಗಿನವನು "ನಿಲ್ಲಿಸು" ಎಂದರೆ ಮೇಲಿನವನು ನಿಲ್ಲಿಸಿ "ನಿಂತಿದೆ" ಎನ್ನಬೇಕು. ಆ ಉತ್ತರ ಬರುವವರೆಗೆ ಕೆಳಗಿನವನು ಕೈ ಆಡಿಸುವಂತಿಲ್ಲ. ಕೆಳಗಿನವನ ಪ್ರಾಣ ಮೇಲಿನವನ ಕೈಯಲ್ಲಿ. ಇಪ್ಪತ್ತಾರು ವರ್ಷ ಪಟಾಕಿ ಕೂಗಿದ, ನಿಧಾನಣ್ಣ ನಿಲ್ಲಿಸಿದ.

ಎರಡು ವರ್ಷದ ಹಿಂದೆ ಒಂದು ದಿನ ನಿಲ್ಲಲಿಲ್ಲ. ಪಟಾಕಿ ಕೂಗಿದ, ಲಿಫ್ಟು ಒಂದು ಮೊಳ ಹೆಚ್ಚಿಗೆ ಏರಿತು. ಹೆಲ್ಮೆಟ್ಟು ಮೇಲಿನ ತೊಲೆಗೆ ತಗುಲಿತು. ಮಂಡಿಯೂರಿ ಕೂತದ್ದರಿಂದ ಉಳಿದುಕೊಂಡ. ಕೆಳಗಿಳಿದು ಬಂದವನು ಲಾಬಿಯಲ್ಲಿ, ಬಾಡಿಗೆದಾರರು, ಕಾವಲಿನವನು, ಕಂಪನಿಯ ಮೇಲ್ವಿಚಾರಕ ಎಲ್ಲರ ಎದುರಿಗೆ ನಿಂತು, ಮೆಟ್ಟಿಲಿಳಿದು ಬರುತ್ತಿದ್ದ ನಿಧಾನಣ್ಣನತ್ತ ಬೆರಳು ತೋರಿಸಿ ಅರಚಿದ. "ಕಿವುಡ! ಕಿವುಡ ನೀನು! ಕಿವುಡನ್ನ ತಲೆ ಮೇಲೆ ಕೂರಿಸ್ಕೊಂಡು ನಾನು ಸಾಯ್ಬೇಕಾ?" ಅಷ್ಟಕ್ಕೇ ಬಿಡದೆ ಕೆಲಸದ ಪುಸ್ತಕದಲ್ಲಿ ಬರೆದ. ಕೊಕ್ಕರೆ ಕಾಲಿನಂಥ ತನ್ನ ಅಕ್ಷರದಲ್ಲಿ, ಇವನಿಗೆ ಕಿವಿ ಕೇಳಿಸುವುದಿಲ್ಲ ಎಂದು. ಕಂಪನಿಯವರು ಪರೀಕ್ಷೆ ಮಾಡಿಸಿದರು. ಕಿವಿ ನಿಜಕ್ಕೂ ಹೋಗಿತ್ತು. ನಿಧಾನಣ್ಣ ಕೆಲಸ ಹೋಗಿ ಮನೆ ಸೇರಿದ.

ಇದೇ ತೊಡಕು. ಹೇಳಿದ್ದು ಸುಳ್ಳಾಗಿದ್ದರೆ ತಪ್ಪಾಯಿತು ಎಂದು ಕಾಲು ಹಿಡಿಯಬಹುದಿತ್ತು. ನಿಜ ಹೇಳಿದ್ದಕ್ಕೆ ಏನೆಂದು ಕ್ಷಮೆ ಕೇಳುವುದು? ಈ ಪ್ರಶ್ನೆಯನ್ನು ಗುರಾಣಿ ಹಿಡಿದ ಹಾಗೆ ಹಿಡಿದುಕೊಂಡು ಅವನು ಎರಡು ವರ್ಷ ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ ಇಟ್ಟ.

ನಿಧಾನಣ್ಣನ ಮನೆ ಮೂರನೇ ಮಹಡಿಯಲ್ಲಿ. ಆ ಕಟ್ಟಡಕ್ಕೆ ಲಿಫ್ಟಿಲ್ಲ. ಹತ್ತಿ ಏದುಸಿರು ಬಿಡುತ್ತಾ ಬಾಗಿಲು ತಟ್ಟಿದ. ತೆಗೆದದ್ದು ಅವನ ಹೆಂಡತಿ, ಪಟಾಕಿ ಅತ್ತಿಗೆ ಎಂದು ಕರೆಯುತ್ತಿದ್ದವರು. ಕೈಯಲ್ಲಿ ಸೌಟು ಇತ್ತು.

"ಓಹೋ! ಕಿವಿ ಡಾಕ್ಟ್ರು ಬಂದ್ರು! ಏನು ಡಾಕ್ಟ್ರೇ, ಇವತ್ತು ಯಾರ ಕಿವಿ ನೋಡೋಕೆ ಬಂದಿರಿ? ನಂದಾ?"

ಬೇರೆ ದಿನವಾಗಿದ್ದರೆ ಮಾತಿಗೆ ಮಾತು ಸೇರುತ್ತಿತ್ತು. ಪಟಾಕಿ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟ. "ಅತ್ತಿಗೆ, ಅಣ್ಣ ಇದ್ದಾನಾ?"

"ಇರದೆ ಎಲ್ಲಿ ಹೋಗ್ತಾರೆ? ಮನೇಲಿ ಕೂರಿಸಿದವನು ನೀನೇ ಅಲ್ವಾ!" ಎಂದವರು ಬಾಗಿಲಿಗೆ ಅಡ್ಡ ನಿಂತೇ ಇದ್ದು, ಆಮೇಲೆ ಬೇಕೋ ಬೇಡವೋ ಎಂಬಂತೆ ಸರಿದರು.

ನಿಧಾನಣ್ಣ ಕಿಟಕಿಯ ಬಳಿ ಮೇಜಿನ ಮೇಲೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಮೈ ಇಳಿದಿತ್ತು. ತಲೆ ಎತ್ತಿ ನೋಡಿದ. ಆಶ್ಚರ್ಯವೂ ಇಲ್ಲ, ಬಾ ಎಂಬ ಮಾತೂ ಇಲ್ಲ.

"ಅಣ್ಣಾ! ನಿನ್ನಿಂದ ಒಂದು ಕೆಲ್ಸ ಆಗ್ಬೇಕು!" ಎಂದು ಪಟಾಕಿ ಗಂಟಲು ಹರಿಯುವಂತೆ ಕೂಗಿದ. ಎದುರುಮನೆಯ ಬಾಗಿಲು ತೆರೆಯಿತು. ಕೆಳಗೆ ಯಾರೋ "ಏನಂತೆ?" ಎಂದರು.

ನಿಧಾನಣ್ಣ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ಕೂಗಬೇಡ. ನಿನ್ನ ಬಾಯಿ ನಂಗೆ ಕಾಣುತ್ತೆ. ಕೂಗಿದ್ರೆ ಬಾಯಿ ಸೊಟ್ಟಗಾಗುತ್ತೆ, ಏನೂ ತಿಳಿಯಲ್ಲ."

ಪಟಾಕಿ ದನಿ ತಗ್ಗಿಸಿದ. ತಗ್ಗಿದ ದನಿಯಲ್ಲಿ ಮಾತಾಡಿ ಅಭ್ಯಾಸವಿಲ್ಲದೆ ಪದಗಳು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡವು. ಕಾರು, ನೆಲಮಾಳಿಗೆ, ಅಳಿಯನ ಮಾತು, ಗಾಳಿಚೀಲ, ಸೋಮವಾರ, ಬ್ರೇಕು. ಒಬ್ಬರು ಕೂತು ಪೆಡಲ್ ತುಳಿಯಬೇಕು. ಒಂದೆರಡು ಗಂಟೆ.

ಅತ್ತಿಗೆ ಅಡುಗೆಮನೆಯಿಂದಲೇ ನಕ್ಕರು. "ಕಿವಿ ಬೇಡವಂತೆ ಇವಾಗ, ಕಾಲು ಸಾಕಂತೆ!"

ನಿಧಾನಣ್ಣನಿಗೆ ಅದು ಕೇಳಲಿಲ್ಲ. ಅವನು ಪಟಾಕಿಯ ಮುಖವನ್ನೇ ನೋಡುತ್ತಿದ್ದ. "ಬೇರೆ ಯಾರೂ ಇಲ್ವಾ ನಿಂಗೆ?" ಎಂದು ಕೇಳಿದ.

ಅದು ಚುಚ್ಚುಮಾತಲ್ಲ. ತಿಳಿದುಕೊಳ್ಳಲು ಕೇಳಿದ್ದು. ಪಟಾಕಿ ಲೆಕ್ಕಿಗನ ವಿಷಯ ಹೇಳೋಣವೆಂದುಕೊಂಡ. ಗ್ಯಾರೇಜಿನವರ ಅಹಂಕಾರದ ಬಗ್ಗೆ ಎರಡು ಮಾತು ಹೇಳೋಣವೆಂದುಕೊಂಡ.

"ಇಲ್ಲ," ಎಂದ.

ನಿಧಾನಣ್ಣ ಮತ್ತೆ ಇಸ್ತ್ರಿ ಹಿಡಿದ. ಕಾಲರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಎಳೆದ, ತಿರುಗಿಸಿ ಮತ್ತೊಮ್ಮೆ ಎಳೆದ. ಅಂಗಿ ಮಡಚಿ ಪಕ್ಕಕ್ಕಿಟ್ಟ. "ನಾಳೆ ಬೆಳಿಗ್ಗೆ ಬರ್ತೀನಿ. ಗೇಟು ತೆಗೆದಿಟ್ಟಿರು. ನೀನು ಒಳಗಿಂದ ಬಂದೆ ಬಂದೆ ಅಂದ್ರೆ ನಂಗೆ ಕೇಳಲ್ಲ."

ಭಾನುವಾರ ಬೆಳಿಗ್ಗೆ ಗೇಟು ಏಳಕ್ಕೇ ತೆರೆದಿತ್ತು. ನಿಧಾನಣ್ಣ ಬಸ್ಸಿಳಿದು ಏರುರಸ್ತೆ ಹತ್ತಿ ಬಂದಾಗ ಒಂಬತ್ತೂವರೆ. ಕಾರಿನ ಸುತ್ತ ಒಂದು ಸುತ್ತು ಬಂದ. ಬಾಗಿಲ ಮೇಲೆ ಅಂಗೈ ಇಟ್ಟು ಸವರಿದ. ಒಳಗೆ ಕೂತು ಬಾಗಿಲು ಎಳೆದುಕೊಂಡ. ಕೊನೆಯ ಒಂದು ಬೆರಳಿನಷ್ಟನ್ನು ಬಾಗಿಲು ತಾನೇ ಎಳೆದುಕೊಂಡು ಮುಚ್ಚಿಕೊಂಡಿತು. ಅವನ ಹುಬ್ಬು ಮೇಲೇರಿತು. ಅಷ್ಟೇ ಹೊಗಳಿಕೆ.

"ನಾನು ಚಕ್ರದ ಹತ್ರ ಮಲಗಿರ್ತೀನಿ," ಎಂದು ಪಟಾಕಿ ಕಿಟಕಿಗೆ ಬಗ್ಗಿ, ತುಟಿ ಬಿಡಿಸಿ ಹೇಳಿದ. "ನನ್ನ ಬಾಯಿ ನಿಂಗೆ ಕಾಣಲ್ಲ. ಹೇಗೆ ಹೇಳ್ಲಿ?"

"ಮುಂಚೆ ಹೇಗೆ ಹೇಳ್ತಿದ್ದೆಯೋ ಹಾಗೇ."

"ಮುಂಚೆ ಕೂಗ್ತಿದ್ದೆ."

ನಿಧಾನಣ್ಣ ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಮುಂದೆ ನೋಡುತ್ತಾ ಹೇಳಿದ. "ಕೂಗ್ತಿದ್ದೆ. ನಂಗೆಲ್ಲಿ ಕೇಳ್ತಿತ್ತು? ಕೊನೇ ಆರೇಳು ವರ್ಷ ನೀನು ಕೂಗಿದ್ದು ಒಂದೂ ಕೇಳ್ಲಿಲ್ಲ ಕಣೋ. ನೀನು ಕೂಗೋಕೆ ಮುಂಚೆ ಎಡಗಾಲು ನೆಲಕ್ಕೆ ಕುಟ್ತೀಯ. ಯಾವಾಗ್ಲೂ. ಲಿಫ್ಟಿನ ತಲೆ ಮೇಲೆ ಕುಟ್ಟಿದ್ರೆ ಆ ಅದುರು ಉಕ್ಕಿನ ಹಗ್ಗದಲ್ಲಿ ಮೇಲೆ ಬರುತ್ತೆ. ನಾನು ಮೋಟಾರಿನ ಚೌಕಟ್ಟಿನ ಮೇಲೆ ಕೈ ಇಟ್ಕೊಂಡು ಕೂತಿರ್ತಿದ್ದೆ. ಕುಟ್ಟಿದ ತಕ್ಷಣ ನಿಲ್ಲಿಸ್ತಿದ್ದೆ."

ಪಟಾಕಿ ತನ್ನ ಎಡಗಾಲನ್ನು ನೋಡಿಕೊಂಡ, ಅದು ಬೇರೆ ಯಾರದೋ ಎಂಬಂತೆ. "ಮತ್ತೆ ಅವತ್ತು?"

"ಅವತ್ತು ಹೊಸ ಬೂಟು ಹಾಕ್ಕೊಂಡಿದ್ದೆ ನೀನು. ಕಂಪನಿಯವರು ಕೊಟ್ಟಿದ್ದು, ಮೆತ್ತನೆ ರಬ್ಬರಿಂದು. ಕುಟ್ಟಿದ್ದು ಬರ್ಲೇ ಇಲ್ಲ."

ಪಟಾಕಿ ಹೋಗಿ ಹಿಂದಿನ ಚಕ್ರದ ಪಕ್ಕ ಮಲಗಿ, ಬಾಗಿಲ ಕೆಳಗಿನ ಅಂಚಿಗೆ ಮುಷ್ಟಿಯಿಂದ ಗುದ್ದಿದ. ಒಂದು ಗುದ್ದಿಗೆ ತುಳಿದು ಹಿಡಿಯುವುದು, ಎರಡಕ್ಕೆ ಬಿಡುವುದು ಎಂದು ಮಾತಾಗಿತ್ತು. ಒಳಗಿನಿಂದ ಏನೂ ಇಲ್ಲ. ಇನ್ನೂ ಜೋರಾಗಿ ಗುದ್ದಿದ. ಏನೂ ಇಲ್ಲ. ಎದ್ದು ಬಂದು ನೋಡಿದರೆ ನಿಧಾನಣ್ಣ ಶಾಂತವಾಗಿ ಕೂತಿದ್ದ.

"ಗುದ್ದಿದ್ಯಾ? ಗೊತ್ತೇ ಆಗ್ಲಿಲ್ಲ. ಒಳಗೆ ಕೂತವನಿಗೆ ಹೊರಗಿಂದು ಏನೂ ಮುಟ್ಟಬಾರದು ಅಂತ ಕಟ್ಟಿರೋ ಗಾಡಿ ಇದು." ಸ್ವಲ್ಪ ಯೋಚಿಸಿ ಬಗ್ಗಿದ. "ಈ ಕಂಬಳಿ ಎತ್ತು."

ಕಾಲ ಕೆಳಗೆ ದಪ್ಪ ಹಾಸು, ಅದರ ಕೆಳಗೆ ಇನ್ನೂ ದಪ್ಪದ ಉಣ್ಣೆಯ ಪದರ. ವಾರಗಟ್ಟಲೆ ಬ್ರಶ್ ಹಿಡಿದು ಸ್ವಚ್ಛ ಮಾಡಿದ್ದ ಆ ಹಾಸನ್ನು ಪಟಾಕಿ ಒಂದು ಮಾತೂ ಆಡದೆ ಕಿತ್ತು ಮಡಚಿದ. ಬೋಳು ತಗಡು ಕಂಡಿತು. ನಿಧಾನಣ್ಣ ಚಪ್ಪಲಿ ಬಿಟ್ಟು ಎಡ ಅಂಗಾಲನ್ನು ತಗಡಿನ ಮೇಲೆ ಊರಿದ, ಬಲಗಾಲನ್ನು ಪೆಡಲಿನ ಮೇಲಿಟ್ಟ. "ಈಗ ಗುದ್ದು."

ಗುದ್ದಿದ. ಒಳಗೆ ಪೆಡಲ್ ಇಳಿಯಿತು. ಬಾಗಿಲಿನ ತಗಡಿನ ಮೇಲೆ ಒಳಗಿನಿಂದ ಎರಡು ಏಟು ಬಿತ್ತು. ಹಿಡಿದಿದ್ದೇನೆ ಎಂದು.

ಆಮೇಲೆ ಮಾತೇ ಬೇಕಾಗಲಿಲ್ಲ. ಗುದ್ದು, ಉತ್ತರ, ಸ್ಕ್ರೂ, ಗುಳ್ಳೆ, ಬಿಗಿ, ಎರಡು ಗುದ್ದು. ನಳಿಕೆಯಲ್ಲಿ ಹಾಲಿನ ನೊರೆಯಂತೆ ಬರುತ್ತಿದ್ದ ಎಣ್ಣೆ ಬರುಬರುತ್ತಾ ತಿಳಿಯಾಯಿತು. ಒಮ್ಮೆಯೂ ಆ ಕಾಲು ಹೊತ್ತಿಗೆ ಮೊದಲು ಏಳಲಿಲ್ಲ, ಒಮ್ಮೆಯೂ ತಡವಾಗಿ ಇಳಿಯಲಿಲ್ಲ. ಎರಡು ವರ್ಷದಲ್ಲಿ ಪಟಾಕಿಗೆ ನಾಲ್ಕು ಮಂದಿ ಜೊತೆಗಾರರು ಬಂದು ಹೋಗಿದ್ದರು. ಎಲ್ಲರಿಗೂ ಎರಡೆರಡು ಒಳ್ಳೆಯ ಕಿವಿಗಳಿದ್ದವು. ಈ ತಾಳ ಒಬ್ಬರ ಜೊತೆಯೂ ಕೂಡಿರಲಿಲ್ಲ.

ಮೂರನೇ ಚಕ್ರದ ಹತ್ತಿರ, ಮುಖ ಚಕ್ರದ ಕಮಾನಿನೊಳಗೆ ಹುದುಗಿದ್ದಾಗ ಅವನ ಬಾಯಿಂದ ತಾನಾಗಿ ಬಂತು. "ತಪ್ಪಾಯ್ತು ಅಣ್ಣಾ." ಹೇಳಿದ ಮೇಲೆ ಎದೆ ಹಗುರಾಯಿತು. ಎರಡು ವರ್ಷದಿಂದ ಹೇಳಲಾಗದೆ ಇದ್ದದ್ದು ಇಷ್ಟು ಸುಲಭಕ್ಕೆ ಹೊರಬಂತಲ್ಲ ಎನಿಸಿತು. ಮರುಕ್ಷಣವೇ ನಾಚಿಕೆ ಬಡಿಯಿತು. ಕೇಳದವನ ಬೆನ್ನ ಹಿಂದೆ, ಚಕ್ರದ ಮರೆಯಲ್ಲಿ, ಮಣ್ಣಿಗೆ ಹೇಳಿದ್ದು. ಇದು ಯಾವ ಸೀಮೆ ಕ್ಷಮೆ?

ನಾಲ್ಕನೆಯದೂ ಮುಗಿಯಿತು. ನಿಧಾನಣ್ಣ ಪೆಡಲನ್ನು ಐದಾರು ಸಲ ತುಳಿದು, "ಗಟ್ಟಿ ಇದೆ" ಎಂದು ಇಳಿದ. ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದವನ ಎದುರಿಗೆ ಪಟಾಕಿ ಬಂದು ನಿಂತ. ತೋಳಿನವರೆಗೂ ಎಣ್ಣೆ. ಬಾಯಿ ಸೊಟ್ಟಗಾಗದಂತೆ, ಸದ್ದು ಏರದಂತೆ ಹೇಳಿದ.

"ಅಣ್ಣಾ, ಅವತ್ತು ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು. ನಂದು ತಪ್ಪು."

ನಿಧಾನಣ್ಣ ಅವನ ತುಟಿಯನ್ನು ನೋಡಿದ. "ಇನ್ನೊಂದ್ಸಲ ಹೇಳು."

ತಿಳಿಯಲಿಲ್ಲವೋ, ಮತ್ತೆ ಬೇಕೆನಿಸಿತೋ. ಪಟಾಕಿ ಮತ್ತೆ ಹೇಳಿದ.

ನಿಧಾನಣ್ಣ ನಲ್ಲಿ ನಿಲ್ಲಿಸಿದ. "ಪುಸ್ತಕದಲ್ಲಿ ಬರೆದೆಯಲ್ಲ, ಅದು ಸರಿ. ಅದನ್ನ ನಾನೇ ಬರೀಬೇಕಿತ್ತು. ಕೆಲಸ ಹೋಗುತ್ತೆ ಅಂತ ಹೆದರಿ ನಿನ್ನ ಪ್ರಾಣ ಪಣಕ್ಕಿಟ್ಟೆ. ಅದು ನನ್ನ ತಪ್ಪು, ನಾನು ಒಪ್ಪಿದ್ದೀನಿ." ಚಪ್ಪಲಿ ಹಾಕಿಕೊಂಡ. "ಆದರೆ ಲಾಬೀಲಿ ಕಿವುಡ ಅಂತ ಕೂಗಿದೆಯಲ್ಲ, ಅದು ನಂಗೆ ಕೇಳಿಸ್ತು ಕಣೋ. ಅಷ್ಟು ಜೋರಾಗಿ ಕೂಗಿದ್ದೆ. ಎಷ್ಟೋ ವರ್ಷದ ಮೇಲೆ ನಿನ್ನ ದನಿ ಕಿವಿಗೆ ಬಿದ್ದದ್ದು ಅವತ್ತೇ. ಆಮೇಲೆ ಇನ್ನೇನೂ ಬಿದ್ದಿಲ್ಲ."

ಪಟಾಕಿ ಕಾರಿನ ಕೀ ಕೈಗೆ ತೆಗೆದುಕೊಂಡ. "ನಡಿ, ಮನೆಗೆ ಬಿಟ್ಟು ಬರ್ತೀನಿ," ಎಂದ.

"ತಪಾಸಣೆ ಆಗದ ಗಾಡೀಲಿ ನಾನು ಕೂರಲ್ಲ."

"ಪಾಸಾದ್ಮೇಲೆ?"

"ಪಾಸಾಗ್ಲಿ ಮೊದ್ಲು," ಎಂದು ನಿಧಾನಣ್ಣ ಅಳೆದಿಡುವ ಅದೇ ಹೆಜ್ಜೆಯಲ್ಲಿ ಇಳಿಜಾರು ಇಳಿದು ಹೋದ. ಬಸ್ಸಿನ ನಿಲ್ದಾಣದಲ್ಲಿ ನಿಂತದ್ದು ಅಂಗಳದಿಂದ ಕಾಣುತ್ತಿತ್ತು. ಬಸ್ಸು ಬರುವವರೆಗೂ ಪಟಾಕಿ ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ನಿಧಾನಣ್ಣ ಒಂದು ಸಲವೂ ಇತ್ತ ತಿರುಗಲಿಲ್ಲ.

ಸೋಮವಾರ ಕಾರು ಪಾಸಾಯಿತು. ತಪಾಸಣೆಯವನು ಬ್ರೇಕು ನೋಡಿ ಏನೂ ಅನ್ನಲಿಲ್ಲ, ಹಿಂದಿನ ನಂಬರ್ ಫಲಕದ ದೀಪ ಮಂಕಾಗಿದೆ ಎಂದ. ಪಟಾಕಿ ಚೀಟಿಯನ್ನು ಜೇಬಿಗೆ ಹಾಕಿಕೊಂಡು ನೆಟ್ಟಗೆ ನಿಧಾನಣ್ಣನ ಬೀದಿಗೆ ಗಾಡಿ ತಿರುಗಿಸಿದ. ಕಾರು ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ರಸ್ತೆಯ ಜನ ತಿರುಗಿ ನೋಡುತ್ತಿದ್ದರು. ಪಕ್ಕದ ಸೀಟನ್ನು ಬೆಳಿಗ್ಗೆಯೇ ಒರೆಸಿ, ಹಿಂದಕ್ಕೆ ಸರಿಸಿ, ನಿಧಾನಣ್ಣ ಆರಾಮಾಗಿ ಕೂರಲು ಜಾಗ ಮಾಡಿಟ್ಟಿದ್ದ.

ಕೆಳಗೆ ನಿಲ್ಲಿಸಿ ಮೂರು ಮಹಡಿ ಹತ್ತಿದ. ಅತ್ತಿಗೆ ಬಾಗಿಲು ಅರ್ಧ ತೆಗೆದರು. ಇವತ್ತು ನಗೆಯಿಲ್ಲ.

"ಅವರು ಇಲ್ಲ."

"ಎಲ್ಲಿ ಹೋಗಿದ್ದಾನೆ?"

ಅತ್ತಿಗೆ ಒಂದು ಸಲ ಒಳಗೆ ನೋಡಿ ನಿಟ್ಟುಸಿರು ಬಿಟ್ಟರು. "ಎಲ್ಲೂ ಹೋಗಿಲ್ಲ. ಒಳಗೇ ಇದ್ದಾರೆ. ಬಂದ್ರೆ ಇಲ್ಲ ಅನ್ನು ಅಂದ್ರು. ಸುಳ್ಳು ಹೇಳೋಕೆ ನಂಗೆ ಬರಲ್ಲ. ಹೇಳಿದ್ದು ಅವರಿಗೆ ಕೇಳೋದೂ ಇಲ್ಲ."

"ಪಾಸಾಯ್ತು ಅತ್ತಿಗೆ. ಪಾಸಾಗ್ಲಿ ಅಂದಿದ್ದ."

"ಅಂದಿರ್ತಾರೆ. ನೀನು ಕರ್ದಿದ್ದು ಕೆಲಸಕ್ಕೆ, ಕೆಲಸಕ್ಕೆ ಬಂದ್ರು. ಜೊತೇಲಿ ಕೂತು ಸವಾರಿ ಹೋಗೋದು ಬೇರೆ. ಅದಕ್ಕೆ ಇನ್ನೂ ಮನಸ್ಸು ಬಂದಿಲ್ಲ."

ಪಿತ್ತ ನೆತ್ತಿಗೇರಿತು. ಏರುವುದು ಅವನಿಗೇ ಗೊತ್ತಾಯಿತು, ಲಿಫ್ಟು ಏರಿದ ಹಾಗೆ, ಒಂದೊಂದೇ ಮಹಡಿ. ಐದು ತಿಂಗಳು, ನೆಲಕ್ಕೆ ಮೈ ಹಾಸಿ ದುಡಿದದ್ದು, ಎರಡು ಸಲ ಬಾಯಿಬಿಟ್ಟು ತಪ್ಪೊಪ್ಪಿದ್ದು. ಒಂದು ಮಾತು ಕೂಗಿದರೆ ಸಾಕಿತ್ತು, ಇಡೀ ಕಟ್ಟಡ ಬಾಗಿಲು ತೆರೆಯುತ್ತಿತ್ತು. ಆದರೆ ಯಾರಿಗೆ ಕೇಳಬೇಕಿತ್ತೋ ಅವನಿಗೆ ಕೇಳುತ್ತಿರಲಿಲ್ಲ.

"ಸರಿ ಅತ್ತಿಗೆ," ಎಂದು ಇಳಿದು ಬಂದ.

ಸ್ವಲ್ಪ ಹೊತ್ತು ಕಾರಿನೊಳಗೆ ಕೂತ. ಹಾಸನ್ನು ಮತ್ತೆ ಹಾಕಿಯಾಗಿತ್ತು. ಬೀದಿಯಲ್ಲಿ ತರಕಾರಿಯವನು ಬಾಯಿ ತೆರೆದು ಕೂಗುತ್ತಾ ಹೋಗುತ್ತಿದ್ದ, ಇಬ್ಬರು ಹೆಂಗಸರು ಕೈ ತಿರುವಿ ಜಗಳವಾಡುತ್ತಿದ್ದರು. ಒಳಗೆ ಏನೂ ಕೇಳಿಸುತ್ತಿರಲಿಲ್ಲ. ಮೂರನೇ ಮಹಡಿಯ ಕಿಟಕಿಯಲ್ಲಿ ಇಸ್ತ್ರಿ ಮಾಡಿದ ಅಂಗಿಯೊಂದು ನೇತಾಡುತ್ತಿತ್ತು. ಗಾಡಿ ತೆಗೆದುಕೊಂಡು ಒಬ್ಬನೇ ಮನೆಗೆ ಹೋದ.

ಮುಂದಿನ ಸೋಮವಾರ ರಜೆ ಹಾಕಿ ಮತ್ತೆ ಹೋದ. ಇಲ್ಲ ಅಂದರು. ಸರಿ ಅತ್ತಿಗೆ ಎಂದು ಇಳಿದ. ಅದರ ಮುಂದಿನ ಸೋಮವಾರವೂ ಹೋದ. ಅತ್ತಿಗೆ ಬಾಗಿಲು ತೆಗೆದು, ಏದುಸಿರು ಬಿಡುತ್ತಿದ್ದವನನ್ನು ನೋಡಿ, ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು. ಅವನು ಹೊಸ್ತಿಲ ಆಚೆಗೇ ನಿಂತು ಪೂರ್ತಿ ಕುಡಿದು ಲೋಟ ವಾಪಸು ಕೊಟ್ಟ. ಆಮೇಲೆ ಇಲ್ಲ ಅಂದರು.